ಏಣಿಯಿಂದ ಇಳಿಸಿದ ಡಬ್ಬಿ

ಟಿವಿ ರಿಪೇರಿಯವನಿಗೆ ಕೆಟ್ಟ ಟಿವಿಗಿಂತ ಚೆನ್ನಾಗಿರುವ ಮನುಷ್ಯರೇ ಹೆಚ್ಚು ಕೆಲಸ ಕೊಡುತ್ತಾರೆ. ಶಿಕಾರಿಪುರದಲ್ಲಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು; ಒಂದಲ್ಲ ಒಂದು ಮನೆಯವರು ನಗಿಸದೆ ಕಳಿಸಿದ ವಾರ ನೆನಪಿಲ್ಲ. ಆದರೂ ಈಚೆಗೆ ಒಂದು ಡಬ್ಬಿ ಹಿಡಿದು ತಿರುಗಿದ ಹದಿನೈದು ದಿನದ ಲೆಕ್ಕವೇ ಬೇರೆ.

ಇಂಟರ್ನೆಟ್ಟಿನಿಂದ ಸಿನಿಮಾ, ಧಾರಾವಾಹಿ, ಭಜನೆ ಎಲ್ಲವನ್ನೂ ಟಿವಿಗೆ ತರುವ ಅಂಗೈ ಅಗಲದ ಯಂತ್ರ ಅದು. ಶಿವಮೊಗ್ಗದ ಹೋಲ್‌ಸೇಲ್ ಸಾಹುಕಾರರು ಒಂದನ್ನು ಕಳಿಸಿ, "ನಾಲ್ಕು ಮನೇಲಿ ಹಾಕಿ ನೋಡಿ. ಜನ ಏನಂತಾರೆ ಅಂತ ಬರೆದು ಯಂತ್ರದ ಸಮೇತ ವಾಪಸ್ ಕಳ್ಸಿ. ಇನ್ನೊಂದು ಅಂಗಡಿಗೂ ಕೊಟ್ಟಿದೀನಿ. ಯಾರ ಪರೀಕ್ಷೆ ಸರಿ ಇದೆಯೋ ಅವರಿಗೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಏಜೆನ್ಸಿ" ಎಂದರು.

ನನಗೆ ಆ ಏಜೆನ್ಸಿ ಬೇಕೇ ಬೇಕಿತ್ತು. ಕಾರಣ ನನ್ನ ಮಂಡಿ. ಡಿಶ್ ತಿರುಗಿಸಲಿಕ್ಕೆ ಊರವರ ಮಾಡು ಹತ್ತಿ ಇಳಿದು ಎರಡೂ ಸವೆದಿದ್ದವು. ಈ ಯಂತ್ರಕ್ಕೆ ಮಾಡು ಹತ್ತುವ ಕೆಲಸವೇ ಇಲ್ಲ. "ಹತ್ತುವಾಗ ನಾ ಏಣಿ ಹಿಡೀಬೇಕು, ಇಳಿದ ಮ್ಯಾಲೆ ಎಣ್ಣಿ ತಿಕ್ಕಬೇಕು. ಎರಡ್ರಾಗ ಒಂದಾರ ಬಿಡಸ್ರೀ" ಎಂದು ಹೆಂಡತಿಯೂ ಅರ್ಜಿ ಹಾಕಿದ್ದಳು.

೧. ಕುಶಲ ಪ್ರಶ್ನೆ

ಮೊದಲ ಮನೆ ಸೊರಬದ ಒಬ್ಬ ಹಿರಿಯರದು. ಯಕ್ಷಗಾನ ಎಂದರೆ ಪ್ರಾಣ. ರಿಮೋಟಿನ ಗುಂಡಿ ಒತ್ತಿ ಬಾಯಲ್ಲಿ ಹೇಳಿದರೆ ಸಾಕು, ಅದೇ ಹುಡುಕಿ ಕೊಡುತ್ತದೆ ಎಂದು ತೋರಿಸಿದೆ. ಅವರು ಶಲ್ಯ ಸರಿಮಾಡಿಕೊಂಡು, ರಿಮೋಟನ್ನು ಎರಡು ಕೈಯಲ್ಲಿ ಹಿಡಿದು, "ನಮಸ್ಕಾರ. ನಿಮ್ ಕಡೆ ಮಳೆ ಹೆಂಗಾತು?" ಎಂದರು.

ಟಿವಿ ಮಳೆಯ ಸುದ್ದಿ ತೆರೆಯಿತು.

"ಛೇ ಛೇ, ಇರ್ಲಿ. ಊಟ ಆತಾ?" ಎಂದರು. ಅಡುಗೆಯ ವಿಡಿಯೋಗಳು ಸಾಲಾಗಿ ಬಂದು ನಿಂತವು.

"ಯಜಮಾನ್ರೆ, ಯಕ್ಷಗಾನ ಅಂತ ನೇರ ಹೇಳಿಬಿಡಿ" ಎಂದೆ.

"ಎಂತ ಮಾರಾಯ, ಗುರ್ತು ಪರಿಚಯ ಇಲ್ದವರ ಹತ್ರ ಮುಖ ನೋಡಿದ ಕೂಡ್ಲೆ ಬೇಕಾದ್ದು ಕೇಳದಾ? ನಮ್ಮನ್ನ ಎಂಥವ್ರು ಅಂದ್ಕಳ್ತು ಅದು?"

ದನಕರು, ಮಕ್ಕಳುಮರಿ, ಮನೆಮಂದಿಯ ಆರೋಗ್ಯ ಎಲ್ಲ ವಿಚಾರಿಸಿ, ಅರ್ಧ ಗಂಟೆಯ ಮೇಲೆ ಯಕ್ಷಗಾನದ ಮಾತು ತೆಗೆದರು. ತಕ್ಷಣ ಬಂತು. ನಾನು ಖುಷಿಯಿಂದ ಕಾಗದದ ಮೇಲೆ "ಬಾಯಲ್ಲಿ ಕೇಳಿದರೆ ಕೊಡುತ್ತದೆ" ಎಂದು ಬರೆದೆ. ಅವರು ಕನ್ನಡಕದೊಳಗಿಂದ ಅದನ್ನು ಓದಿ, "ಅದರ ಕೆಳಗೆ ಇದನ್ನೂ ಬರ್ಕ. ನಾ ಇಷ್ಟು ಕೇಳಿದ್ರೂ, ನೀವು ಹೆಂಗಿದೀರಿ ಅಂತ ಅದು ಒಂದ್ಸಲನೂ ಕೇಳ್ಲಿಲ್ಲ" ಎಂದರು.

೨. ಹಣೆ ಯಾವುದು?

ಎರಡನೆಯ ಮನೆ ಈಸೂರಿನಲ್ಲಿ. ಜೋಡಿಸಿ ಬಂದ ಮರುದಿನವೇ ಆ ಮನೆಯಾಕೆಯ ಫೋನು. "ಏನ್ರೀ, ನಿಮ್ ಯಂತ್ರಕ್ಕ ಒಂದ ದಿನಕ್ಕ ಕಿವಿ ಹೋದ್ವಲ್ರೀ! ಕೂಗಿ ಕೂಗಿ ನನ್ ಗಂಟಲ ಬಿತ್ತು."

ಹೋಗಿ ನೋಡಿದರೆ ಯಂತ್ರಕ್ಕೂ ರಿಮೋಟಿಗೂ ಪೂಜೆಯಾಗಿತ್ತು. ಟ್ರ್ಯಾಕ್ಟರಿನಿಂದ ಮಿಕ್ಸಿಯವರೆಗೆ ಹೊಸದು ಏನು ಬಂದರೂ ಅರಿಸಿನ ಕುಂಕುಮ ಬೀಳದೆ ಆ ಮನೆಯಲ್ಲಿ ಕೆಲಸ ಶುರುಮಾಡುವುದಿಲ್ಲ. ರಿಮೋಟಿನ ತಲೆಯ ಹತ್ತಿರ ಮಾತು ಕೇಳಿಸಿಕೊಳ್ಳುವ ಸಣ್ಣ ತೂತು ಇರುತ್ತದೆ. ಆಯಮ್ಮ ಅದನ್ನೇ ಹಣೆ ಎಂದು ಗುರುತಿಸಿ, ಒದ್ದೆ ಕುಂಕುಮವನ್ನು ಬೆರಳಿನಿಂದ ಒತ್ತಿ ಇಟ್ಟಿದ್ದರು.

ಗುಂಡುಪಿನ್ನಿನಿಂದ ಬಿಡಿಸಿ, ಒರೆಸಿ, "ಇಲ್ಲಿ ಇಡಬ್ಯಾಡ್ರಿ ಅಕ್ಕಾರೆ, ಇಡಲೇಬೇಕಂದ್ರ ಹಿಂದ್ಗಡೆ ಇಡ್ರಿ" ಎಂದು ರಿಮೋಟನ್ನು ಮಗುಚಿ ತೋರಿಸಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟ ವರ್ಷ ಆತು ಮದುವ್ಯಾಗಿ. ನಿಮ್ ಹೆಂಡ್ರಿಗೆ ಕುಂಕುಮ ಬೆನ್ನಿಗೆ ಇಟ್ಟೀರೇನ್ರೀ?"

೩. ಬೀಗತಿಯ ಚೀಲ

ಮೂರನೆಯ ಮನೆ ಬಂದಳಿಕೆಯಲ್ಲಿ. ಅಲ್ಲಿ ನಡೆದದ್ದು ಮಾತ್ರ ಸಂಬಂಧ ಮುರಿಯುವ ಮಟ್ಟಕ್ಕೆ ಹೋಗಿತ್ತು. ಆ ಮನೆಗೆ ಸೊಸೆಯ ತಾಯಿ, ಅಂದರೆ ಬೀಗತಿ, ಬಂದಿದ್ದರು. ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಒಬ್ಬರೇ ಕೂತು ಧಾರಾವಾಹಿ ನೋಡುತ್ತಿದ್ದರು. ಮೂರು ಕಂತು ಮುಗಿದವು. ಯಾರೂ ರಿಮೋಟು ಮುಟ್ಟದಿದ್ದರೆ ಆ ಯಂತ್ರ ತಾನಾಗಿ ನಿಂತು ಒಂದು ಪ್ರಶ್ನೆ ಕೇಳುತ್ತದೆ. ಪರದೆಯ ತುಂಬ ದಪ್ಪ ಅಕ್ಷರದಲ್ಲಿ ಬಂತು: "ನೀವು ಇನ್ನೂ ನೋಡುತ್ತಿದ್ದೀರಾ?"

ಬೀಗತಿ ಅದನ್ನು ಎರಡು ಸಲ ಓದಿದರು. ಎದ್ದರು. ಚೀಲ ತೆಗೆದುಕೊಂಡರು.

ಮನೆಯ ಯಜಮಾನರು ನನಗೆ ಫೋನು ಮಾಡಿದರು. "ಲಗೂನ ಬರ್ರಿ, ನಮ್ ಬೀಗತಿ ಬಸ್‌ಸ್ಟಾಪಿಗೆ ಹೊಂಟಾರ!"

ಸ್ಕೂಟರಿನಲ್ಲಿ ಹಾರಿ ಹೋಗಿ ನಿಲ್ದಾಣದಲ್ಲೇ ಕೈಮುಗಿದೆ. ಅದು ಮನೆಯವರು ಕೇಳಿದ್ದಲ್ಲ, ಕಂಪನಿಯವರು ಎಲ್ಲರನ್ನೂ ಕೇಳುತ್ತಾರೆ ಎಂದೆ. "ಕಂಪನ್ಯಾರಿಗೆ ನಾ ಇಷ್ಟೊತ್ತು ಕುಂತಿದ್ದು ಹ್ಯಾಂಗ ಗೊತ್ತಾತು? ಮನ್ಯಾರ ಹೇಳ್ಯಾರ" ಎಂದರು. ಕೊನೆಗೆ ಯಜಮಾನರೇ ಬಂದು ಚೀಲ ಕಸಿದುಕೊಂಡು ಮನೆಗೆ ಕರೆದೊಯ್ದರು.

ಮೂರು ದಿನ ಬಿಟ್ಟು ಯಂತ್ರ ತರಲು ಹೋದಾಗ ಯಜಮಾನರು ಬಳಲಿದ್ದರು. ಪ್ರಶ್ನೆ ಬರುವ ಹೊತ್ತು ಲೆಕ್ಕ ಹಾಕಿ, ಅದಕ್ಕೆ ಸರಿಯಾಗಿ ಟಿವಿಗೆ ಅಡ್ಡ ನಿಂತು, "ಇನ್ನೊಂದೀಟು ಚಾ ತಗೋರಿ ಬೀಗತಿ" ಎನ್ನುತ್ತಿದ್ದರಂತೆ. ಬೀಗತಿ ಎರಡು ದಿನಕ್ಕೆಂದು ಬಂದವರು ಇನ್ನೂ ಹೊರಟಿರಲಿಲ್ಲ.

೪. ಖಾಲಿ ಕೊಡಬಾರದು

ಕೊನೆಯ ಮನೆ ಗುಡವಿಯಲ್ಲಿ. ಕೆರೆಗೆ ಬಂದ ಹಕ್ಕಿಗಳ ಗಲಾಟೆಗೆ ಟಿವಿ ಕೇಳುವುದಿಲ್ಲ ಎಂಬುದೊಂದೇ ಅವರ ದೂರು. ಅದಕ್ಕೆ ಕಂಪನಿ ಏನೂ ಮಾಡುವ ಹಾಗಿರಲಿಲ್ಲ.

ಸಾಹುಕಾರರು ಕೊಟ್ಟ ಗಡುವಿನ ಕಡೇ ದಿನ ಅಲ್ಲಿಗೆ ಹೋದೆ. ಆ ಮನೆಯ ಹೆಣ್ಣುಮಗಳು ಎರಡು ಸಾಮಾನು ತಂದು ಕೈಗಿಟ್ಟರು. ಒಂದು, ಯಂತ್ರದ ಜೊತೆ ಬಂದಿದ್ದ ರಟ್ಟಿನ ಡಬ್ಬಿ, ಅಂಟು ಹಚ್ಚಿ ಭದ್ರ ಮಾಡಿದ್ದು. ಇನ್ನೊಂದು ಬಟ್ಟೆ ಚೀಲ. "ಅಣ್ಣ, ಮನೆಗೆ ಅಂತ ಸ್ವಲ್ಪ ಚಕ್ಲಿ ಹಾಕಿದೀನಿ" ಎಂದರು. ಸಂತೋಷವಾಯಿತು. ಸೊರಬಕ್ಕೆ ಓಡಿ, ಡಬ್ಬಿಗೆ ವರದಿಯ ಕಾಗದ ಅಂಟಿಸಿ, ಶಿವಮೊಗ್ಗದ ಬಸ್ಸಿಗೆ ಪಾರ್ಸೆಲ್ ಹಾಕಿದೆ. ಮಂಡಿಗೆ ಆಗಲೇ ಅರ್ಧ ನೋವು ಕಡಿಮೆ.

ಮನೆಗೆ ಬಂದು, ಚಹಾ ಇಡು, ಚಕ್ಕುಲಿ ಬಂದಿದೆ ಎಂದು ಹೆಂಡತಿಗೆ ಚೀಲ ಕೊಟ್ಟೆ. ಅವಳು ಕೈ ಹಾಕಿ ಹಳೆಯ ನೂಲಿನ ಸೀರೆಯ ಗಂಟು ತೆಗೆದಳು. ಬಿಚ್ಚಿದರೆ ಒಳಗೆ ಯಂತ್ರ, ರಿಮೋಟು, ವೈರು ಬೆಚ್ಚಗೆ ಮಲಗಿದ್ದವು.

ಗುಡವಿಗೆ ಫೋನು ಮಾಡಿದೆ. "ಹೌದಣ್ಣ, ಯಂತ್ರ ನಾಜೂಕು ಅಂತ ಸೀರೇಲಿ ಸುತ್ತಿದೆ. ಮನೆಗೆ ಬಂದ ಡಬ್ಬಿನ ಖಾಲಿ ಕೊಡಬಾರದಲ್ಲ, ಅದಕ್ಕೆ ಚಕ್ಲಿ ಡಬ್ಬಿಲಿ ಹಾಕಿದೆ. ಮುರಿದು ಹೋಗಿದ್ವಾ?"

ಮುರಿದದ್ದು ಚಕ್ಕುಲಿಯಲ್ಲ, ನನ್ನ ಏಜೆನ್ಸಿ. ನಿಜಕ್ಕೂ ಅಳು ಬಂದಿತ್ತು.

ಮರುದಿನ ಸಾಹುಕಾರರ ಫೋನು. "ನಿಮ್ಮ ಡಬ್ಬಿ ಬಂತು. ತೆಗೆದು ನೋಡಿದೆ. ಇದನ್ನ ಟಿವಿಗೆ ಯಾವ ಕಡೆಯಿಂದ ಜೋಡಿಸ್ಬೇಕು?"

ನಾನು ತೊದಲುತ್ತಾ ಕತೆ ಹೇಳಿ, ಯಂತ್ರ ಇವತ್ತೇ ಕಳಿಸುತ್ತೇನೆ, ತಪ್ಪಾಯಿತು ಎಂದೆ. ಅವರ ಬಾಯಲ್ಲಿ ಏನೋ ಕರುಂ ಕುರುಂ ಎನ್ನುತ್ತಿತ್ತು.

"ಇನ್ನೊಂದು ಅಂಗಡಿಯವರದೂ ಬಂದಿದೆ. ನಾಲ್ಕು ಮನೆಯವರೂ 'ಅತ್ಯುತ್ತಮ' ಅಂದಿದಾರೆ ಅಂತ ಬರೆದಿದಾರೆ. ಆದ್ರೆ ಒಳಗಿನ ಯಂತ್ರದ ಸೀಲೇ ಒಡೆದಿಲ್ಲ! ನಿಮ್ಮ ಡಬ್ಬಿ ಮನೆಯೊಳಗೆ ಹೋಗಿ ಬಂದಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಏಜೆನ್ಸಿ ನಿಮ್ಮದೇ."

ಏಣಿಗೆ ಈಗ ಹಿತ್ತಲಲ್ಲಿ ಹೀರೆ ಬಳ್ಳಿ ಹಬ್ಬಿಸಿದ್ದೇವೆ. ಮೊದಲ ಲೋಡು ಬಂದ ದಿನ ಸಾಹುಕಾರರು ಜೊತೆಗೊಂದು ಚೀಟಿ ಇಟ್ಟಿದ್ದರು: "ಕೆಟ್ಟ ಯಂತ್ರ ಇದ್ದರೆ ಸಂಕೋಚ ಬೇಡ, ವಾಪಸ್ ಕಳಿಸಿ. ಆದರೆ ಡಬ್ಬಿ ಖಾಲಿ ಕಳಿಸಬೇಡಿ."