ಗಿರಿಯಣ್ಣ ಪಟೇಲರ ಸಂತಾನ

ದುಬೈ, ಅಬುಧಾಬಿಯಲ್ಲಿರುವ ಅಷ್ಟೂ ಕನ್ನಡಿಗರ ಏಳು ತಲೆಮಾರು ನನಗೆ ಬಾಯಿಪಾಠ. ಸುಳ್ಳು. ನನ್ನ ಮುತ್ತಜ್ಜನ ಹೆಸರೇ ನನಗೆ ಗೊತ್ತಿಲ್ಲ. ಆದರೂ ನಮ್ಮ ವಂಶಾವಳಿ ಸಂಘದವರು ಪರಿಶೀಲನೆ ಕೆಲಸ ನನಗೇ ವಹಿಸಿದ್ದಾರೆ. ಹಾಗಾಗಿ ಇಂಥ ಫಜೀತಿಗಳು ನಡೆಯುತ್ತಲೇ ಇರುತ್ತವೆ.

ಈ ಸಲ ಒಂದು ಮದುವೆಯೇ ನನ್ನ ಕೈಯಲ್ಲಿತ್ತು. ದುಬೈನ ಡಿಸ್ಕವರಿ ಗಾರ್ಡನ್ಸ್‌ನ ಹುಡುಗ, ಅಬುಧಾಬಿಯ ಹುಡುಗಿ ಪರಸ್ಪರ ಒಪ್ಪಿದ್ದರು. ಇಬ್ಬರ ಅಪ್ಪಂದಿರದೂ ಒಂದೇ ಮಾತು: "ಮೊದಲು ವಂಶಾವಳಿ ತೋರಿಸಿ, ಆಮೇಲೆ ಮಾತು."

ಸಾಕ್ಷಿ

ಹುಡುಗನ ಅಪ್ಪನಿಗೆ ಇಬ್ಬರು ತಮ್ಮಂದಿರು, ಇಬ್ಬರೂ ಇಲ್ಲೇ. ಅಣ್ಣತಮ್ಮಂದಿರು ಮೂವರ ಪಾಸ್‌ಪೋರ್ಟ್‌ನಲ್ಲಿ ಒಬ್ಬರ ಸರ್‌ನೇಮ್ ಊರಿನದು, ಇನ್ನೊಬ್ಬರದು ಅಪ್ಪನ ಹೆಸರು, ಮೂರನೆಯವರದು ಬರೀ ಇನಿಶಿಯಲ್.

"ಸಾರ್, ನೀವು ಮೂವರೂ ಒಡಹುಟ್ಟಿದವರು ಅನ್ನೋದಕ್ಕೆ ಸಾಕ್ಷಿ ಬೇಕಲ್ಲ?" ಎಂದೆ ಹುಡುಗನ ಅಪ್ಪನಿಗೆ.

"ಊರಲ್ಲಿರೋ ಒಂದು ಸೈಟಿಗೋಸ್ಕರ ಮಾತು ಬಿಟ್ಟು ಆರು ವರ್ಷ ಆಯ್ತು ಕಣ್ರೀ. ಹೊರಗಿನವರ ಜೊತೆ ಯಾರಾದ್ರೂ ಇಷ್ಟು ನಿಷ್ಠೆಯಿಂದ ಜಗಳ ಆಡ್ತಾರಾ?"

ಪರಿಶೀಲಿಸಲಾಗಿದೆ ಎಂದು ಸೀಲು ಹೊಡೆದೆ.

ಅಜ್ಜಿಯ ಬಾಯಿ

ಹುಡುಗಿಯ ಅಜ್ಜಿ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದರು. ಗಂಡನ ಹೆಸರು ಕೇಳಿದರೆ ತುಟಿ ಬಿಚ್ಚಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದಂತೆ. ಮೊಮ್ಮಗಳನ್ನು ಕೇಳಿದರೆ, "ಜಸ್ಟ್ ತಾತ, ಅಂಕಲ್."

ನಾನು ಪೆನ್ನು ತೆಗೆದು, "ಸರಿ ಅಜ್ಜಿ, ಬೋರಪ್ಪ ಅಂತ ಬರ್ಕೊಳ್ತೀನಿ," ಎಂದೆ.

"ಯಾವನೋ ಅವನು ಬೋರಪ್ಪ? ಕೃಷ್ಣ..." ಎಂದವರೇ ನಾಲಿಗೆ ಕಚ್ಚಿಕೊಂಡರು. ಐವತ್ತು ವರ್ಷ ಕಾಪಾಡಿಕೊಂಡ ನೇಮ. ನನ್ನನ್ನು ದುರುಗುಟ್ಟಿ ನೋಡಿ ಹೇಳಿದರು: "ಅರ್ಧದ ಪಾಪ ನಂದು. ಉಳಿದರ್ಧ ಪಾಸ್‌ಪೋರ್ಟ್‌ನಲ್ಲಿ ನೋಡ್ಕೋ."

ಏಳನೇ ಚೌಕ

ಎರಡೂ ಮನೆಯ ವಂಶಾವಳಿ ಆರನೇ ತಲೆಮಾರಿಗೆ ನಿಂತಿತು. ಏಳನೇ ಚೌಕ ಖಾಲಿ ಬಿಟ್ಟರೆ ನಮ್ಮ ಸಂಘದ ಅಧ್ಯಕ್ಷರು ಫಾರಂ ವಾಪಸ್ ಕಳಿಸುತ್ತಾರೆ. ಅಂಥ ಕಡೆಯೆಲ್ಲ ತುಂಬಲು ನಾನೇ ಒಬ್ಬರನ್ನು ಹುಟ್ಟಿಸಿ ಇಟ್ಟುಕೊಂಡಿದ್ದೇನೆ, ಗಿರಿಯಣ್ಣ ಪಟೇಲರು. ಕೈ ರೂಢಿಯಂತೆ ಇಬ್ಬರಿಗೂ ಅವರನ್ನೇ ಬರೆದೆ.

ಅಬುಧಾಬಿಯ ಮನೆಯಲ್ಲಿ ಅಪ್ಪಂದಿರು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಮೂಲಪುರುಷ ಒಬ್ಬನೇ.

"ಖಲಾಸ್," ಎಂದರು ಹುಡುಗನ ಅಪ್ಪ. "ದಾಯಾದಿಗಳು. ಮಕ್ಕಳು ಅಣ್ಣ-ತಂಗಿ ಆಗ್ತಾರೆ."

ಹುಡುಗಿಯ ಕಣ್ಣಲ್ಲಿ ನೀರು. "ಅಂಕಲ್, ಪ್ಲೀಸ್ ಏನಾದ್ರೂ ಮಾಡಿ."

ಜೀವನದಲ್ಲಿ ಮೊದಲ ಸಲ ನಿಜ ಹೇಳಿದೆ. "ಸಾರ್, ಆ ಪಟೇಲರು ಇರಲೇ ಇಲ್ಲ. ನಾನೇ ಹುಟ್ಟಿಸಿದ್ದು."

"ಏನ್ರೀ ಮಾತಾಡ್ತೀರಿ? ಅವರು ಕುದುರೆ ಮೇಲೆ ಬರ್ತಿದ್ದದ್ದನ್ನ ನಮ್ಮ ತಾತ ಹೇಳ್ತಿದ್ರು."

"ಬಿಳಿ ಕುದುರೆ," ಎಂದರು ಹುಡುಗಿಯ ಅಪ್ಪ.

ನಿಜ ನಡೆಯದ ಮೇಲೆ ಪೆನ್ನು ತೆಗೆದೆ. "ಕ್ಷಮಿಸಿ ಸಾರ್, ಒಂದು ಸಾಲು ಬಿಟ್ಟುಹೋಗಿದೆ. ಹುಡುಗನ ಕಡೆಯವರು ಪಟೇಲರ ಮಗನ ವಂಶ. ಹುಡುಗಿಯ ಕಡೆಯವರು ಅವರ ಮಗಳು ಹೊನ್ನಮ್ಮನ ವಂಶ."

ಇಬ್ಬರೂ ಅಪ್ಪಂದಿರು ಮುಖ ಮುಖ ನೋಡಿಕೊಂಡರು. ಅಣ್ಣನ ಮನೆಗೆ ತಂಗಿಯ ಮನೆಯ ಹೆಣ್ಣು! ಸೋದರಿಕೆ ಸಂಬಂಧ, ಹುಡುಕಿದರೂ ಸಿಗದು.

"ಹೊನ್ನಮ್ಮನಾ?" ಎಂದರು ಅಜ್ಜಿ ಒಳಗಿಂದ ಬಂದು. "ಅವಳ ಬುಗುಡಿ ನಮ್ಮತ್ತೆ ಹತ್ರ ಇತ್ತಲ್ಲೋ."

ಮೊನ್ನೆ ಲಗ್ನಪತ್ರಿಕೆ ಬಂತು. ಮೇಲ್ತುದಿಯಲ್ಲೇ ದಪ್ಪಕ್ಷರದಲ್ಲಿ ‘ಮೂಲಪುರುಷ ಗಿರಿಯಣ್ಣ ಪಟೇಲರ ಆಶೀರ್ವಾದದೊಂದಿಗೆ’ ಎಂದಿದೆ. ಅವರನ್ನು ಹೆತ್ತ ನನ್ನ ಹೆಸರು ಎಲ್ಲೂ ಇಲ್ಲ. ಮೂಲಪುರುಷನಿಗೇ ತಂದೆಯಾದವನು ಈ ಚಹಾದಂಗಡಿಯಲ್ಲಿ ನಿಮ್ಮೆದುರು ಕೂತಿದ್ದೇನೆ ಸ್ವಾಮಿ, ಈ ಕರಕ್ ಚಹಾದ ದುಡ್ಡಾದರೂ ನೀವು ಕೊಟ್ಟುಬಿಡಿ.