ಇನ್ನೊಂದು ದಿಬ್ಬ ತಗೋರಿ!

"ಹಿಂದ ಸರೀರಿ ಎಲ್ಲಾರೂ! ಯಾರೂ ಕೈ ಹಚ್ಚಬ್ಯಾಡ್ರಿ!" ಎಂದು ಕೂಗಿ ನಮ್ಮ ಚಿಗವ್ವ ಗಾಡಿಯೊಳಗಿನ ಚೌಕಡಿ ಬಟ್ಟೆಯನ್ನು ಒಂದೇ ಏಟಿಗೆ ಎಳೆದಳು.

ಡ್ರೈವರ್ ಸೀಟಿನಲ್ಲಿ, ಬೆಲ್ಟು ಹಾಕಿಕೊಂಡು, ಗಂಭೀರವಾಗಿ ಕುಳಿತಿತ್ತು ಅವಳ ಯಂತ್ರ! ಹಿಟ್ಟಿನ ಡಬ್ಬಿಯಷ್ಟು ದಪ್ಪದ ಸ್ಟೀಲ್ ಹೊಟ್ಟೆ. ಅದರಿಂದ ಹೊರಟ ಎರಡು ಉದ್ದನೆಯ ಕೈ, ಪೆಡಲು ತುಳಿಯಲು ಎರಡು ಗಿಡ್ಡ ಕಾಲು. ತಲೆ ಇರಬೇಕಾದ ಕಡೆ ಒಂದು ಸ್ಪೀಕರು, ಸ್ಪೀಕರಿನ ಹಣೆಗೆ ಮೂರು ಬೆರಳಿನ ವಿಭೂತಿ!

"ಇದರ ಹೆಸರು ಉಪಚಾರಿ. ಮರಳಾಗ ಗಾಡಿ ಹೊಡಿತೈತಿ, ಒಂಟಿ ಕುಂದರಸ್ತೈತಿ, ಒಂಟಿ ಎಬ್ಬಸ್ತೈತಿ, ಬಂದವರನ್ನ ಮಾತಾಡಸ್ತೈತಿ. ಎಲ್ಲಾ ಇದು ಒಂದ!"

ಷಾರ್ಜಾದಾಚೆಯ ಮರಳುಗಾಡಿನ ಅಂಚಿನ ಕ್ಯಾಂಪಿನಲ್ಲಿ, ಬೆಳಗಿನ ಬಿಸಿಲಿನಲ್ಲಿ, ಇಳಕಲ್ ಸೀರೆ, ಕಪ್ಪು ಕನ್ನಡಕ, ಕ್ಯಾನ್ವಾಸ್ ಬೂಟಿನಲ್ಲಿ ನಿಂತಿದ್ದ ನಮ್ಮ ಚಿಗವ್ವ ಕಾಶಿಬಾಯಿಯನ್ನು ನೀವು ನೋಡಬೇಕಿತ್ತು! ಗದಗಿನ ಕಡೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತಳಾದ ಹೆಂಗಸು. ಒಮ್ಮೆ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದಳು. ಅದು ರೊಟ್ಟಿಯನ್ನೂ ಬಡಿಯಿತು, ನೋಡಲು ಬಗ್ಗಿದ ಪ್ರಾಂಶುಪಾಲರನ್ನೂ ಬಡಿಯಿತು. ಇಂಥ ಚಿಗವ್ವ ಎಷ್ಟು ಮಂದಿಗೆ ಇರುತ್ತಾಳೆ ಹೇಳಿ! ನನ್ನ ಎದೆ ಉಬ್ಬಬೇಕಿತ್ತು. ಅರ್ಧ ಉಬ್ಬಿತ್ತು ಕೂಡ. ಇನ್ನರ್ಧ ಯಾಕೆ ಉಬ್ಬಲಿಲ್ಲವೆಂದರೆ, ಯಂತ್ರ ಕುಳಿತಿದ್ದದ್ದು ನನ್ನ ಸೀಟಿನಲ್ಲಿ!

ನಾನು ಶಿವಪುತ್ರ. ಈ ಸಫಾರಿ ಕಂಪನಿಯ ಹನ್ನೆರಡು ಡ್ರೈವರುಗಳಲ್ಲಿ ಒಬ್ಬ. ಪ್ರವಾಸಿಗರನ್ನು ಬೆಳಿಗ್ಗೆ ಕರೆತಂದು, ಮರಳ ದಿಬ್ಬದ ಮೇಲೆ ಗಾಡಿ ಹಾರಿಸಿ, ಒಂಟೆ ಹತ್ತಿಸಿ, ಗುಡಾರದಲ್ಲಿ ಊಟ ಹಾಕಿಸಿ, ಸಂಜೆಗೆ ವಾಪಸು ಬಿಡುವುದು ನಮ್ಮ ಕೆಲಸ. ದಿಬ್ಬದ ನೆತ್ತಿಯಲ್ಲಿ ಗಾಡಿ ಒಂದು ಗಳಿಗೆ ಗಾಳಿಯಲ್ಲಿ ನಿಂತಾಗ, ಹಿಂದೆ ಕುಳಿತವರ ಪ್ರಾಣ ನಮ್ಮ ಅಂಗೈಯಲ್ಲಿರುತ್ತದೆ. ಆ ಕೈಗಳಿಗೆ ಸಿಗುವ ಮರ್ಯಾದೆ ಏನು ಗೊತ್ತೆ? ಪ್ರವಾಸಿಗರಿಗೆ ಗುಡಾರದಲ್ಲಿ ರತ್ನಗಂಬಳಿ ಹಾಸಿ ಊಟ, ನಮಗೆ ಜನರೇಟರಿನ ಹಿಂದೆ ನಿಂತು ಊಟ. ನಮ್ಮ ಪಾಸ್‌ಪೋರ್ಟುಗಳು ಮಾಲೀಕ ತಿಲಕರಾಜ ಸಾಹೇಬರ ಕಪಾಟಿನಲ್ಲಿ. "ಜೋಪಾನಕ್ಕೆ ಕಣ್ರೀ" ಅನ್ನುತ್ತಾರೆ. ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚುವುದೂ ಜೋಪಾನಕ್ಕೇ!

"ಡ್ರೈವರ್‌ಗಳಿಗೆ ನೆರವಾಗೋ ಒಂದು ಯಂತ್ರ ಮಾಡಿಕೊಡಿ ಮೇಡಂ" ಎಂದು ಅವರು ಕೇಳಿದ್ದರು. ನನ್ನ ಮನೆಗೆ ನಾಲ್ಕು ದಿನ ಇದ್ದು ಹೋಗಲು ಬಂದ ಚಿಗವ್ವ ಉಬ್ಬಿ ಹೋಗಿ, ವಾರಗಟ್ಟಲೆ ಉಳಿದು ಮಾಡಿಕೊಟ್ಟಳು. ಅವತ್ತು ನಾವೆಲ್ಲ ಟಯರಿನ ಗಾಳಿ ಇಳಿಸುತ್ತಿದ್ದಾಗ (ಗಾಳಿ ಇಳಿಸದಿದ್ದರೆ ಚಕ್ರ ಮರಳಿನಲ್ಲಿ ಹೂತು ಹೋಗುತ್ತದೆ) ಸಾಹೇಬರು ಚ್ಯೂಯಿಂಗ್ ಗಮ್ ಅಗಿಯುತ್ತ ಹೇಳಿದರು:

"ಇವತ್ತು ಇದು ಪಾಸಾಗ್ಲಿ, ಭಾನುವಾರದಿಂದ ನೀವೆಲ್ಲ ಆರಾಮಾಗಿ ಊರಿಗೆ ಹೋಗಬಹುದು."

ಹನ್ನೆರಡು ಟಯರುಗಳ ಜೊತೆ ಹನ್ನೆರಡು ಗಂಡಸರ ಗಾಳಿಯೂ ಇಳಿಯಿತು.

ನಾನು ಚಿಗವ್ವನನ್ನು ಗಾಡಿಯ ಹಿಂದಕ್ಕೆ ಎಳೆದುಕೊಂಡು ಹೋದೆ. "ಚಿಗವ್ವಾ! ನಿನ್ನ ಯಂತ್ರ ನನ್ನ ಅನ್ನ ಕಸಗೊಳ್ಳಾಕತ್ತೇತಿ!"

ಅವಳ ಮುಖ ಒಂದು ಕ್ಷಣ ಬಿಳುಪೇರಿತು. ಆಮೇಲೆ ಕೆಂಪಾಯಿತು. "ನನಗ ಹಂಗ ಹೇಳಲಿಲ್ಲಲೋ ಆ ಮನಶ್ಯಾ! ಆದ್ರ ಯಂತ್ರಕ್ಕ ಯಾಕ ಬೈತಿ? ಯಂತ್ರ ಇಟಗೊಂಡವನಿಗೆ ಬೈ!"

"ಈಗ ಅದನ್ನ ಕೆಡಿಸಿಬಿಡು!"

"ಏನಂದಿ?" ಕನ್ನಡಕ ಕಿತ್ತು ಕಣ್ಣು ಬಿಟ್ಟಳು. "ಕಾಶಿಬಾಯಿ ಮಾಡಿದ್ದನ್ನ ಕಾಶಿಬಾಯಿ ಕೆಡಸಾಕ? ನನ್ನ ಹೆಣಾ ಬೀಳಲಿ! ಮೊದಲ ಓಡಲಿ. ಓಡಿದ ಮ್ಯಾಲ ಜಗಳಾ ಮಾಡೂನು."

ನಮ್ಮ ಮನೆತನದ ಹೆಮ್ಮೆಯೇ ಅಂಥದ್ದು. ಕೊರಳಿಗೆ ಹಗ್ಗ ಬಿದ್ದರೂ ಗಂಟು ಸರಿಯಾಗಿದೆಯೇ ಅಂತ ನೋಡುತ್ತೇವೆ!

*

ಗಾಡಿಗೆ ನಾಲ್ವರು ಹತ್ತಿದೆವು. ಮುಂದೆ ತಿಲಕರಾಜ ಸಾಹೇಬರು. ಹಿಂದೆ ಚಿಗವ್ವ, ನಾನು ಮತ್ತು ನಮ್ಮಲ್ಲೆಲ್ಲ ಹಿರಿಯ ಡ್ರೈವರಾದ ಉಳ್ಳಾಲದ ಉಸ್ಮಾನಾಕ. ಅವರ ಕೈಯಲ್ಲಿ ರೂಢಿಯಂತೆ ವಾಂತಿಯ ಪ್ಲಾಸ್ಟಿಕ್ ಚೀಲಗಳು.

"ಬರ್ರಿ ಬರ್ರಿ! ಆರಾಮ ಕುಂದರ್ರಿ! ಬಿಸಲಾಗ ಬಂದೀರಿ, ದಣಿದೀರಿ!" ಎಂದಿತು ಯಂತ್ರ. ಥೇಟ್ ನಮ್ಮೂರ ಮದುವೆ ಮನೆಯ ಹಿರಿಯರ ದನಿ!

ಹೊರಟಿತು ನೋಡಿ! ಸುಳ್ಳೇಕೆ ಹೇಳಲಿ, ಮೊದಲ ದಿಬ್ಬವನ್ನು ಅದು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಹತ್ತಿತು. ನೆತ್ತಿಯಲ್ಲಿ ಓರೆಯಾಗಿ, ಮರಳಿನ ಅಲೆ ಎಬ್ಬಿಸಿ, ಆಚೆ ಬದಿಗೆ ಜಾರಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಚಿಗವ್ವ ನನ್ನ ಪಕ್ಕೆ ತಿವಿದಳು. "ಹೆಂಗೈತಿ?"

"ಭಲೇ!" ಎಂದರು ಸಾಹೇಬರು. "ಫಸ್ಟ್ ಕ್ಲಾಸ್! ಸಾಕು, ಕ್ಯಾಂಪಿಗೆ ನಡಿ."

"ಅಯ್ಯ, ಇಷ್ಟಕ್ಕ ಸಾಕ?" ಎಂದಿತು ಯಂತ್ರ. "ಇನ್ನೊಂದು ದಿಬ್ಬ ತಗೋರಿ!"

ಇನ್ನೊಂದು ದಿಬ್ಬ. ಮೊದಲಿನದಕ್ಕಿಂತ ಎತ್ತರ.

"ಸಾಕಪ್ಪ, ಸಾಕು!"

"ನಮ್ಮ ಕೈಯಿಂದ ಇದೊಂದು!"

"ಬೇಡ ಅಂದ್ನಲ್ಲ!"

"ಸಂಕೋಚ ಮಾಡಬ್ಯಾಡ್ರಿ, ನಿಮ್ಮ ಮನಿ ಅಂತ ತಿಳೀರಿ. ಸಣ್ಣದೊಂದು ಹಾಕತೀನಿ!"

ಆ 'ಸಣ್ಣದು' ಮಸೀದಿಯ ಮಿನಾರಿನಷ್ಟು ಎತ್ತರವಿತ್ತು. ಉಸ್ಮಾನಾಕ ಸದ್ದಿಲ್ಲದೆ ಮೊದಲ ಚೀಲವನ್ನು ಸಾಹೇಬರಿಗೆ ಕೊಟ್ಟರು.

"ಏನ್ರೀ ಮೇಡಂ ಇದು?" ಚೀಲದೊಳಗಿಂದಲೇ ಸಾಹೇಬರು ಕೂಗಿದರು.

ಚಿಗವ್ವ ಗಾಬರಿಯಾದರೂ ಗತ್ತು ಬಿಡಲಿಲ್ಲ. "ಮಾತು ಕಲಸಾಕ ನಮ್ಮ ಕಡೀ ಮದುವಿ ಊಟದ ರೆಕಾರ್ಡಿಂಗ್ ಕೇಳಿಸೀನ್ರಿ. ಬಡಸೂ ಮುಂದ ಯಾರರ ಒಮ್ಮೆ ಬ್ಯಾಡ ಅಂದ್ರ ಬಿಡ್ತಾರೇನ್ರಿ? ಮೊದಲನೇದು ಸಂಕೋಚ, ಎರಡನೇದು ಮರ್ಯಾದಿ. ಮೂರನೇ ಸಲಕ್ಕ ನಿಲ್ಲು ಅಂತ ನಾನ ಹೇಳಿದ್ದೆ. ಆದ್ರ ರೆಕಾರ್ಡಿಂಗಿನ್ಯಾಗ ಒಬ್ಬನೂ ಮೂರಕ್ಕ ನಿಂತಿಲ್ಲ ನೋಡ್ರಿ!"

"ಸ್ವಿಚ್ ಎಲ್ಲಿದೆ? ಆಫ್ ಮಾಡಿ!"

"ಸ್ವಿಚ್ಚ? ಡ್ರೈವರುಗಳು ಮುಟ್ಟಬಾರದು, ತೆಗೀರಿ ಅಂತ ಹೋದ ವಾರ ನೀವ ತೆಗಸಿದ್ರೆಲ್ರಿ!"

"ವಾಹ್!" ಎಂದರು ಉಸ್ಮಾನಾಕ. "ಇಷ್ಟು ಮರ್ಯಾದೆ ನನಗೆ ಮದುವೆಯಾದ ಹೊಸತರಲ್ಲಿ ಮಾವನ ಮನೆಯಲ್ಲೂ ಸಿಗಲಿಲ್ಲ ಮಾರಾಯ್ರೇ!"

*

ಎಷ್ಟು ದಿಬ್ಬಗಳಾದವೋ! ಕಡೆಗೆ ಕ್ಯಾಂಪಿನ ಹತ್ತಿರ ಗಾಡಿ ತಿರುವಿನಲ್ಲಿ ನಿಧಾನವಾದಾಗ ಸಾಹೇಬರು ಬಾಗಿಲು ತೆರೆದು ಹಾರಿದರು. ಮರಳಿನಲ್ಲಿ ಉರುಳಿ, ಎದ್ದು, ಓಟ ಕಿತ್ತರು. ಅವರ ಹಿಂದೆ ಗಾಡಿ! ಬಾಗಿಲು ತೆರೆದುಕೊಂಡೇ, ಮೆಲ್ಲಗೆ, ಬಹಳ ಮರ್ಯಾದೆಯಿಂದ ಬೆನ್ನಟ್ಟಿತು.

"ಹಂಗ ಸಿಟ್ಟಿಲೆ ಏಳಬಾರದ್ರಿ! ಏನ್ ತಪ್ಪಾತು ಹೇಳ್ರಿ! ಒಂದ ಒಂದು, ಚಿಕ್ಕದು!"

ಕ್ಯಾಂಪಿನಲ್ಲಿ ಉಳಿದ ಹತ್ತು ಡ್ರೈವರುಗಳು ಕೈ ಕಟ್ಟಿ ನಿಂತು ನೋಡುತ್ತಿದ್ದರು.

"ಡ್ರೈವರ್! ಯಾರಾದ್ರೂ ಬನ್ರೋ! ಡ್ರೈವರ್!" ಎಂದು ಸಾಹೇಬರು ಅರಚಿದರು.

"ಯಾವ ಡ್ರೈವರ್ರಿ ಸಾಹೇಬ್ರ?" ನಾನು ಕಿಟಕಿಯಿಂದ ತಲೆ ಹಾಕಿ ಕೇಳಿದೆ. "ಡ್ರೈವರು ನಿಮ್ಮ ಬೆನ್ನ ಹಿಂದ ಬರಾಕತ್ತಾನಲ್ರಿ!"

ದಿಕ್ಕು ತೋಚದೆ ಅವರು ಮಲಗಿದ್ದ ಒಂಟೆಯ ಬೆನ್ನೇರಿದರು. ಅದು ಉಸ್ಮಾನಾಕ ಪ್ರೀತಿಯಿಂದ ಸಾಕಿದ ಜಮೀಲಾ, ಬಹಳ ಸಾಧು. ಆದರೆ ಒಂಟೆ ಎಬ್ಬಿಸಲು, ಕೂರಿಸಲು ಅವುಗಳ ಜೀನಿಗೂ ಚಿಗವ್ವ ಒಂದೊಂದು ರಿಮೋಟ್ ಪೀಪಿ ಕಟ್ಟಿದ್ದಳಲ್ಲ! ಯಂತ್ರ ಗಾಡಿ ನಿಲ್ಲಿಸಿ, ಸೀಟಿನಲ್ಲಿ ಕುಳಿತೇ ಪೀಪಿ ಊದಿತು. ಜಮೀಲಾ ಮೊದಲು ಹಿಂಗಾಲಿನ ಮೇಲೆ ಎದ್ದಳು. ಸಾಹೇಬರು ಮುಂದಕ್ಕೆ ವಾಲಿ ಅವಳ ಕುತ್ತಿಗೆಗೆ ಮುತ್ತಿಟ್ಟರು. ಆಮೇಲೆ ಮುಂಗಾಲು ಎತ್ತಿದಳು. ಸಾಹೇಬರು ಹಿಂದಕ್ಕೆ ವಾಲಿ ಬಾಲ ಹಿಡಿದರು.

"ಇಳಿಸು! ಬೇಡ!"

"ಬ್ಯಾಡ ಅನಬ್ಯಾಡ್ರಿ, ಬಾಯಿ ರುಚಿ ಕೆಡತೈತಿ. ಇನ್ನೊಮ್ಮೆ ಏರ್ರಿ!"

ಕುಳಿತಳು, ಎದ್ದಳು, ಕುಳಿತಳು, ಎದ್ದಳು. ಸಾಹೇಬರ ಕನ್ನಡಕ ಒಂದು ದಿಕ್ಕಿಗೆ, ಟೋಪಿ ಇನ್ನೊಂದು ದಿಕ್ಕಿಗೆ, ಚ್ಯೂಯಿಂಗ್ ಗಮ್ ನೇರ ಹೊಟ್ಟೆಗೆ.

"ನನ್ನ ಜಮೀಲಾನ ಸೊಂಟ ಎಂತ ಆಗ್ಬೇಕು!" ಎಂದು ಉಸ್ಮಾನಾಕ ಎದೆ ಬಡಿದುಕೊಂಡರು.

ನಾವು ಮೂವರೂ ಗಾಡಿಯಿಂದಿಳಿದೆವು. ಚಿಗವ್ವ ಯಂತ್ರದ ಹೊಟ್ಟೆಗೆ ಕಿವಿ ಹಚ್ಚಿ ಕೇಳಿದಳು. ಆಮೇಲೆ ಹಣೆ ಚಚ್ಚಿಕೊಂಡಳು. "ಅಯ್ಯ ಶಿವನ! ಇದು ಪಂಕ್ತಿ ಕಾಯಾಕತ್ತೇತಿ!"

"ಏನ್ ಕಾಯ್ತಿದೆ?" ಮೇಲಿನಿಂದ ಸಾಹೇಬರು.

"ಪಂಕ್ತಿರಿ, ಪಂಕ್ತಿ! ಊಟಕ್ಕ ಕುಂತಾಗ ಎಲ್ಲಾರದೂ ಮುಗಿಯೂತನಕ ಒಬ್ಬರೂ ಏಳೂದಿಲ್ಲಲ್ರಿ? ಮುಂಜಾನೆ ಇಲ್ಲಿ ನಿಂತವರನ್ನೆಲ್ಲಾ ಇದು ಎಣಿಸೇತಿ. ನಾವು ನಾಲ್ಕ ಮಂದಿ ಕುಂತೀವಿ. ಆ ಹತ್ತು ಮಂದಿ ಕುಂತಿಲ್ಲ. ಅವರು ಕುಂತು, ಉಂಡು, ಮುಗಿಸೂತನಕ ಇದು ನಿಮಗ ಬಡಸ್ಕೋತನ ಇರತೈತಿ!"

"ಅವರು ಡ್ರೈವರ್‌ಗಳು ಕಣ್ರೀ! ಅತಿಥಿಗಳಲ್ಲ!"

"ಅದನ್ನ ಇದಕ್ಕ ಕಲಿಸಿಲ್ರಿ."

"ಯಾಕೆ ಕಲಿಸಿಲ್ಲ?"

"ನನಗ ಬಂದ್ರಲ್ಲೇನ್ರಿ ಕಲಸೂದು!" ಎಂದಳು ಚಿಗವ್ವ.

ಆ ಮಾತು ಕೇಳಿ ನನ್ನ ಎದೆಯ ಉಳಿದರ್ಧವೂ ಉಬ್ಬಿತು.

*

"ಕೂತ್ಕೊಳ್ರಪ್ಪಾ!" ಸಾಹೇಬರು ಒಂಟೆಯ ಮೇಲಿನಿಂದ ಕೈ ಮುಗಿದರು. ಕೈ ಮುಗಿಯಲು ಜೀನು ಬಿಟ್ಟಿದ್ದರಿಂದ ಬಾಲದ ಕಡೆ ಜಾರಿದರು. "ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಾ ಒಟ್ಟಿಗೆ ಕೂತ್ಕೊಳ್ರಿ!"

ಒಬ್ಬನೂ ಅಲುಗಲಿಲ್ಲ. ಹನ್ನೆರಡೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ವರ್ಷಗಟ್ಟಲೆ ಜನರೇಟರಿನ ಹೊಗೆಯಲ್ಲಿ ನಿಂತು ಉಂಡ ಮುಖಗಳು.

ಉಸ್ಮಾನಾಕ ಮುಂದೆ ಬಂದರು. "ಕೂರುವುದಕ್ಕೆ ನಮಗೇನೂ ಅಡ್ಡಿಯಿಲ್ಲ ಸಾಹೇಬ್ರೇ. ಆದರೆ ಭಾನುವಾರ ಊರಿಗೆ ಹೋಗುವವರು ನಾವು, ಗಂಟುಮೂಟೆ ಕಟ್ಟುವುದು ಉಂಟು. ಊಟಕ್ಕೆ ಪುರುಸೊತ್ತು ಎಲ್ಲಿ?"

"ಯಾರೂ ಹೋಗೋದು ಬೇಡ! ಎಲ್ರಿಗೂ ಕೆಲಸ ಇದೆ!"

ಯಂತ್ರ ಪೀಪಿ ಊದಿತು. ಜಮೀಲಾ ಎದ್ದಳು. "ಬಾಯಿತುಂಬ ಹೇಳ್ರಿ! ಸಂಕೋಚ ಬ್ಯಾಡ!" ಎಂದಿತು.

"ಕೆಲಸ ಇದೆ! ಹನ್ನೆರಡೂ ಜನಕ್ಕೂ ಇದೆ!"

"ಪಾಸ್‌ಪೋರ್ಟ್ರಿ?" ಎಂದೆ ನಾನು.

"ಅದು ಜೋಪಾನವಾಗಿ..."

ಜಮೀಲಾ ಕುಳಿತಳು, ಎದ್ದಳು.

"ಕೊಡ್ತೀನಿ! ಈಗಲೇ ಕೊಡ್ತೀನಿ! ತಗೊಳ್ಳಿ!" ಕಪಾಟಿನ ಕೀಲಿಕೈ ಗಾಳಿಯಲ್ಲಿ ಮಿಂಚಿ ನನ್ನ ಕಾಲ ಬಳಿ ಬಿತ್ತು. ಕಪಾಟು ಕ್ಯಾಂಪಿನ ಆಫೀಸಿನ ಗುಡಾರದಲ್ಲೇ ಇತ್ತು. ಹೋಗಿ ತೆರೆದೆ. ಬಂದು ಒಬ್ಬೊಬ್ಬರಿಗೂ ಅವರವರದು ಕೊಟ್ಟೆ. ಉಸ್ಮಾನಾಕ ತಮ್ಮದನ್ನು ಬಿಡಿಸಿ ಫೋಟೋ ನೋಡಿದರು. "ಅಬ್ಬ, ಆಗ ಎಷ್ಟು ಕೂದಲಿತ್ತು ನನಗೆ!" ಎಂದು ಅದನ್ನು ಎದೆಯ ಜೇಬಿಗಿಟ್ಟು, ಜೇಬಿನ ಮೇಲೆ ಸುಮಾರು ಹೊತ್ತು ಅಂಗೈ ಇಟ್ಟುಕೊಂಡಿದ್ದರು.

ಆಮೇಲೆ ಹನ್ನೆರಡೂ ಮಂದಿ ಮರಳ ಮೇಲೆ ಸಾಲಾಗಿ ಕುಳಿತೆವು. ಗುಡಾರದ ರತ್ನಗಂಬಳಿಯನ್ನು ಚಿಗವ್ವನೇ ಎಳೆದು ತಂದು ಹಾಸಿದಳು. ಜಮೀಲಾ ಕಡೆಯ ಸಲ ಮಂಡಿಯೂರಿದಳು. ಸಾಹೇಬರು ಇಳಿದು, ಓಲಾಡುತ್ತ ಬಂದು, ನಮ್ಮ ನಡುವೆ ಕುಸಿದರು.

ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ಯಂತ್ರಕ್ಕೆ ಖುಷಿಯೋ ಖುಷಿ! ಬೆಲ್ಟು ಬಿಚ್ಚಿಕೊಂಡು ಗಾಡಿಯಿಂದ ಇಳಿದೇಬಿಟ್ಟಿತು. ಗುಡಾರದ ಖರ್ಜೂರ, ಖುಬ್ಬೂಸೆಂಬ ಅರಬ್ಬಿ ರೊಟ್ಟಿ, ಚಿಗವ್ವ ಬುತ್ತಿ ಕಟ್ಟಿ ತಂದಿದ್ದ ರೊಟ್ಟಿ, ಗುರೆಳ್ಳು ಚಟ್ನಿ ಎಲ್ಲವನ್ನೂ ಎತ್ತಿಕೊಂಡು ಸಾಲಿನುದ್ದಕ್ಕೂ ಬಡಿಸತೊಡಗಿತು. ಗಾಡಿಯ ವಾಕಿಟಾಕಿಯಲ್ಲಿ "ಊಟಕ್ಕ ಏಳ್ರೀ! ಎಲ್ಲಾರೂ ಬರ್ರಿ!" ಎಂದು ಕೂಗು ಬೇರೆ ಹಾಕಿತು. ಮರಳುಗಾಡಿನಲ್ಲಿದ್ದ ಬೇರೆ ಕಂಪನಿಗಳ ಗಾಡಿಗಳಿಗೆಲ್ಲ ಆ ಕೂಗು ಮುಟ್ಟಿತು. ಅವುಗಳ ಡ್ರೈವರುಗಳು ಪಠಾಣರು, ಮಲಯಾಳಿಗಳು, ಬಂಗಾಳಿಗಳು. ಕನ್ನಡ ಒಬ್ಬರಿಗೂ ಬಾರದು. ಆದರೆ ಊಟಕ್ಕೆ ಕರೆಯುವ ದನಿ ಯಾವ ಭಾಷೆಯಲ್ಲಿದ್ದರೇನು? ದಿಬ್ಬ ದಿಬ್ಬಗಳಿಂದ ಗಾಡಿಗಳು ಇಳಿದು ಬಂದವು!

ಹೊಸಬರು ಬಂದರೆ ಪಂಕ್ತಿ ಮುಗಿಯುವುದುಂಟೆ? ಸಾಲು ಬೆಳೆಯಿತು. ಎರಡು ದಿಬ್ಬ ದಾಟಿತು. ಪ್ರವಾಸಿಗರು, ಡ್ರೈವರುಗಳು, ಒಂಟೆಗಳು, ಗುಡಾರದ ಅಡಿಗೆಯವರು, ಎಲ್ಲ ಒಂದೇ ಸಾಲು. ಒಬ್ಬ ಜರ್ಮನ್ ಮುದುಕ ಹೊಟ್ಟೆಯ ಮೇಲೆ ಕೈಯಾಡಿಸಿ "ನೋ, ನೋ" ಎಂದ. ಯಂತ್ರ ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿತು. ಹೊತ್ತು ಮುಳುಗುವವರೆಗೆ ಒಬ್ಬರೂ ಏಳುವಂತಿರಲಿಲ್ಲ.

ಸಾಲಿನ ನಡುವೆ ನಿಂತು ಚಿಗವ್ವ ಸೊಂಟದ ಮೇಲೆ ಕೈಯಿಟ್ಟು ಆ ತುದಿ ಈ ತುದಿ ನೋಡಿದಳು. "ಪುತ್ರ್ಯಾ, ನನ್ನ ಯಂತ್ರ ಕೆಟ್ಟೈತಿ ಅಂತ ಯಾರರ ಅಂದ್ರ ನೋಡು ಮತ್ತ!"

"ಯಾವನು ಅಂತಾನ ಚಿಗವ್ವಾ!" ಎಂದೆ. ಹೇಳಿ ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.

ಭಾನುವಾರ ಬಂತು, ಹೋಯಿತು. ಹನ್ನೆರಡೂ ಮಂದಿ ಗಾಡಿ ಹೊಡೆಯುತ್ತಿದ್ದೇವೆ, ಜನರೇಟರಿನ ಕಡೆ ಈಗ ಜನರೇಟರು ಮಾತ್ರ ಊಟ ಮಾಡುತ್ತದೆ, ನಮ್ಮ ಊಟ ಗುಡಾರದಲ್ಲಿ. ಆ ದಿನದ ಬಗ್ಗೆ ತಿಲಕರಾಜ ಸಾಹೇಬರ ದೂರು ಇವತ್ತಿಗೂ ಒಂದೇ: ಯಂತ್ರ ಚಟ್ನಿಯನ್ನು ಒಂಟೆಗೆ ಮೊದಲು ಬಡಿಸಿ ಆಮೇಲೆ ತಮಗೆ ಬಡಿಸಿತಂತೆ.