ಗೈಬುಸಾಬ ಹುಳುಕು ಹಲ್ಲು ಎಣಿಸಿದ್ದು

ಶಿವಶರಣಪ್ಪ ಮಾಸ್ತರರು ಅವತ್ತು ನಾಲ್ಕು ಮಂದಿಯ ಮುಂದೆ ಆಡಿದ ಮಾತು ಗೈಬುಸಾಬ ಇನ್ನೂ ಮರೆತಿಲ್ಲ. ಎಪ್ಪತ್ನಾಲ್ಕನೆಯ ಇಸವಿ. ಬಿಜಾಪುರದಿಂದ ಬಂದ ಹಲ್ಲಿನ ಡಾಕ್ಟರು ತಿಕೋಟಾದ ಮಕ್ಕಳ ಬಾಯಿ ತೆರೆಸಿ, ನೂರಕ್ಕೆ ಅರವತ್ತು ಮಕ್ಕಳ ಹಾಲುಹಲ್ಲು ಹುಳುಕು ಎಂದು ಬರೆದುಕೊಂಡು ಹೋದರು. ಮಾಸ್ತರರು ನೆಟ್ಟಗೆ ಶಾಲೆಯ ಗೇಟಿಗೆ ಬಂದವರೇ ಗೈಬುಸಾಬನ ಬತ್ತಾಸಿನ ಗಾಡಿಗೆ ಬೆರಳು ತೋರಿಸಿದರು.

"ಹಲ್ಲಿನ ಹುಳ ಹುಟ್ಟೂದು ಇಲ್ಲೇ ನೋಡ್ರಿ! ಸೋಮವಾರದಿಂದ ಈ ಗಾಡಿ ಇಲ್ಲಿ ಕಾಣಬಾರದು."

ಗೇಟು ಹೋದರೆ ವ್ಯಾಪಾರವೇ ಹೋಯಿತು! ಗೈಬುಸಾಬನ ನೆತ್ತಿಗೆ ಬೆಂಕಿ ಬಿತ್ತು.

"ನನ್ನ ಬತ್ತಾಸು ಕಾಣದ ಊರಾಗ ಹುಳುಕು ಇಲ್ಲೇನ್ರಿ? ಎಣಿಸಿ ತರತೇನಿ! ಅಲ್ಲಿ ಹೆಚ್ಚಿದ್ರ ಗಾಡಿ ಇಲ್ಲೇ ನಿಂದರತೈತಿ!"

"ತರ್ರಿ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವರ ಲೆಕ್ಕಾ ನಾವೂ ನೋಡೂಣಂತ."

ದಂಡಯಾತ್ರೆ ಶುರುವಾಯಿತು. ತಿಕೋಟಾದಲ್ಲಿ ಇಪ್ಪತ್ತು ಮಕ್ಕಳ ಬಾಯಿ ನೋಡಿದ. ಒಟ್ಟು ಅರವತ್ತೆರಡು ಹುಳುಕು ಹಲ್ಲು. ಭಾನುವಾರ ಬಸ್ಸು ಹತ್ತಿ ತಂಗಿ ಆಶಾಬಿಯ ಊರಾದ ಬಬಲೇಶ್ವರಕ್ಕೆ ಹೋದ. ಅವಳ ಓಣಿಯ ಇಪ್ಪತ್ತು ಮಕ್ಕಳನ್ನು ಬಿಸಿಲಿಗೆ ಮುಖ ಮಾಡಿಸಿ ನಿಲ್ಲಿಸಿದ. ಒಬ್ಬ ಬೆರಳು ಕಚ್ಚಿದ, ಒಬ್ಬಳು ಉಗುಳಿದಳು. ದಳಪತಿ ಹಿಂಜರಿಯಲಿಲ್ಲ! ಹುಳುಕಿಗೊಂದರಂತೆ ತಂಗಿಯ ಗೋಡೆಗೆ ಇದ್ದಿಲಿನ ಗೆರೆ ಎಳೆದ.

"ಎಪ್ಪತ್ತೊಂದು! ಗೆದ್ದೆ!"

"ಗ್ವಾಡಿ ಹೊಲಸ ಮಾಡಿ ಏನ ಗೆದ್ದಿ ಭಾಯಿ?"

"ಇಲ್ಲಿ ನನ್ನ ಬತ್ತಾಸು ಇಲ್ಲ. ಆದ್ರೂ ಹುಳುಕು ಹೆಚ್ಚ ಅದಾವ!"

ಆಶಾಬಿ ಹಣೆ ಬಡಿದುಕೊಂಡಳು. "ವಾರಾ ವಾರಾ ಬಸ್ಸಿನಾಗ ಡಬ್ಬಿ ತುಂಬಿ ಬತ್ತಾಸು ಕಳಸಾಂವ ಯಾರು? ಮನ್ಯಾಗ ಇರಾಕಿ ಒಬ್ಬಾಕಿ ಮಗಳು. ಉಳಿದದ್ದೆಲ್ಲಾ ಓಣಿ ಹುಡುಗರಿಗೇ ಹಂಚತೇನಿ! ನಿಮ್ಮೂರಾಗ ರೊಕ್ಕಾ ಕೊಟ್ಟು ತಿಂತಾವ, ಇಲ್ಲಿ ಫುಕಟ. ಹೆಚ್ಚಾಗದ ಏನಾಕ್ಕಾವ?"

ಗೈಬುಸಾಬ ಸೋಲೊಪ್ಪುವ ಪೈಕಿಯೇ ಅಲ್ಲ!

"ಇದು ಹುಳುಕಲ್ಲ, ಬರೇ ಹೊಲಸು! ನೋಡಿಲ್ಲಿ!" ಎಂದು ಆಶಾಬಿಯ ಮಗಳು, ಆರು ವರ್ಷದ ಮುನೀರಾಳ ಮುಂದಿನ ಕರಿ ಹಲ್ಲನ್ನು ಬೆರಳಿನಿಂದ ಗಸಗಸ ತಿಕ್ಕಿದ.

ಹಲ್ಲು ಕೈಗೇ ಬಂತು!

"ಮಾಮೂ, ನನ್ನ ಹಲ್ಲ ಕೊಡು!" ಹುಡುಗಿಯ ಕೂಗಿಗೆ ಓಣಿಯೇ ಬಂದು ನಿಂತಿತು.

ಸೋಮವಾರ ಗಾಡಿ ಮತ್ತೆ ಯಾರೂ ಹೇಳದೆಯೇ ಶಾಲೆಯ ಗೇಟು ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಯಿತು. ಆರು ತಿಂಗಳಿಗೆ ಮುನೀರಾಳಿಗೆ ಹೊಸ ಹಲ್ಲೂ ಬಂತು. ಆದರೂ ಗೈಬುಸಾಬನನ್ನು ಕಂಡಾಗಲೆಲ್ಲ ಅವಳು ಕೈ ಚಾಚುವುದು ಬಿಡಲಿಲ್ಲ.

"ಹಲ್ಲು ಬಂತಲ್ಲಬೇ, ಇನ್ನೇನ?"

"ಇದನ್ನ ಅಲ್ಲಾ ಕೊಟ್ಟಾನ ಮಾಮೂ. ನಿಂದು ಇನ್ನೂ ಬಾಕಿ ಐತಿ!"